ಡಿಸೆಂಬರ್‌ನಲ್ಲಿ ಹಾಕಿಸಿದ ಲಸಿಕೆ, ಆಗಸ್ಟ್‌ನಲ್ಲಿ ಬಂದ ಜ್ವರ

ಪ್ರಶ್ನೆ: ನಾವು ಸಾಗರ ತಾಲ್ಲೂಕಿನ ಹಳ್ಳಿಯವರು, ತೋಟದ ಮನೆ. ನಮ್ಮ ಅತ್ತೆಗೆ 67 ವರ್ಷ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆಯಿದೆ, ಮೂರು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಹೋದ ವರ್ಷಕ್ಕೆ ಹಿಂದಿನ ಡಿಸೆಂಬರ್‌ನಲ್ಲಿ ಬೆಂಗಳೂರಿನ ಮೈದುನನ ಮನೆಯಲ್ಲಿದ್ದಾಗ ಫ್ಲೂ ಇಂಜೆಕ್ಷನ್ ಹಾಕಿಸಿದರು. ಮಾರನೆಯ ದಿನವೇ ತೋಳು ನೋವು, ಸಣ್ಣಗೆ ಜ್ವರ. ಸಂಕ್ರಾಂತಿಯ ಹೊತ್ತಿಗೆ ನೆಗಡಿಯಾಯಿತು. ಆಗಸ್ಟ್‌ನಲ್ಲಂತೂ ಜ್ವರ, ಕೆಮ್ಮು ವಿಪರೀತವಾಗಿ ಶಿವಮೊಗ್ಗದ ಆಸ್ಪತ್ರೆಯಲ್ಲಿ ಆರು ದಿನ ಇರಬೇಕಾಯಿತು. ಪರೀಕ್ಷೆಯಲ್ಲಿ ಎಚ್3ಎನ್2 ಫ್ಲೂ ಎಂದು ಬಂತು. ಈಗ ಮತ್ತೆ ಹಾಕಿಸಿ ಎಂದು ವೈದ್ಯರು ಹೇಳಿದರೆ ಮನೆಯಲ್ಲಿ ಯಾರೂ ಒಪ್ಪುತ್ತಿಲ್ಲ. ಲಸಿಕೆಯಲ್ಲಿ ಮೊಟ್ಟೆ ಇರುತ್ತದೆಂದು ಕೇಳಿದ ಮೇಲೆ ಅತ್ತೆಯವರು ಆ ಮಾತೇ ಬೇಡ ಎನ್ನುತ್ತಾರೆ; ನಮ್ಮದು ಮೊಟ್ಟೆ ಮುಟ್ಟದ ಮನೆ. ನನಗೀಗ ಐದು ತಿಂಗಳು. ನಾಲ್ಕು ವರ್ಷದ ಮಗ ಅಂಗನವಾಡಿಗೆ ಹೋಗುತ್ತಾನೆ. ಅವನಿಗೆ ಎಳವೆಯಲ್ಲಿ ಹಾಕಿಸಿದ ಐದು ರೋಗಗಳ ಇಂಜೆಕ್ಷನ್‌ನಲ್ಲೇ ಇನ್‌ಫ್ಲುಯೆಂಜಾ ಕೂಡ ಸೇರಿದೆ ಎಂದು ನನ್ನ ಅಕ್ಕ ಹೇಳುತ್ತಾಳೆ. ಯಾರಿಗೆ ಹಾಕಿಸಬೇಕು, ಯಾವಾಗ? ಕಷಾಯ, ಹಬೆ, ಮಾಸ್ಕ್ ಇಷ್ಟರಲ್ಲೇ ಸಂಭಾಳಿಸಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿರುವ ತಿಂಗಳುಗಳ ಲೆಕ್ಕವೇ ಅರ್ಧ ಉತ್ತರವನ್ನು ಹೇಳುತ್ತಿದೆ. ಮನೆಯವರ ಬೇಸರ ನನಗೆ ಅರ್ಥವಾಗುತ್ತದೆ: ದುಡ್ಡು ಕೊಟ್ಟು ಲಸಿಕೆ ಹಾಕಿಸಿದ ಮೇಲೂ ಅದೇ ರೋಗದಿಂದ ಆಸ್ಪತ್ರೆ ಸೇರಿದರೆ ಯಾರಿಗಾದರೂ ನಂಬಿಕೆ ಹೋಗುತ್ತದೆ. ಆದರೆ ಮಲೆನಾಡಿನಲ್ಲಿ ಇಪ್ಪತ್ತಾರು ವರ್ಷ ಮಳೆಗಾಲದ ಜ್ವರಗಳನ್ನೇ ನೋಡಿಕೊಂಡು ಬಂದವನಾಗಿ ಹೇಳುತ್ತೇನೆ, ನಿಮ್ಮ ಅತ್ತೆಯವರ ವಿಷಯದಲ್ಲಿ ತಪ್ಪಿದ್ದು ಬಹುಮಟ್ಟಿಗೆ ಹೊತ್ತು. ಅದನ್ನು ಈ ವರ್ಷ ಸರಿಪಡಿಸಬಹುದು, ಮತ್ತು ನೀವು ಬರೆದಿರುವುದು ಏಪ್ರಿಲ್‌ನಲ್ಲಾದ್ದರಿಂದ ಅದಕ್ಕೆ ಸಮಯವೂ ಇದೆ.

ಫ್ಲೂ ವೈರಸ್ ಒಂದೇ ರೂಪದಲ್ಲಿ ನಿಲ್ಲುವಂಥದ್ದಲ್ಲ. ಅದರ ಮೈಮೇಲೆ ಮುಳ್ಳಿನಂತೆ ಎದ್ದಿರುವ ಎರಡು ಬಗೆಯ ಪ್ರೋಟೀನುಗಳಿರುತ್ತವೆ. ಎಚ್1ಎನ್1, ಎಚ್3ಎನ್2 ಎಂಬ ಹೆಸರುಗಳಲ್ಲಿರುವ ಎಚ್ ಮತ್ತು ಎನ್ ಅವೇ. ವೈರಸ್ ತನ್ನ ನಕಲು ಮಾಡಿಕೊಳ್ಳುತ್ತಾ ಹೋದಂತೆ ಈ ಮುಳ್ಳುಗಳು ಚೂರುಚೂರೇ ಬದಲಾಗುತ್ತವೆ, ಹೀಗಾಗಿ ಹಿಂದಿನ ವರ್ಷ ಅದನ್ನು ಗುರುತು ಹಿಡಿದಿದ್ದ ನಮ್ಮ ಪ್ರತಿಕಾಯಗಳಿಗೆ, ಅಂದರೆ ರೋಗಾಣುವಿನ ವಿರುದ್ಧ ದೇಹವೇ ತಯಾರಿಸುವ ರಕ್ಷಕ ಪ್ರೋಟೀನುಗಳಿಗೆ, ಈ ವರ್ಷ ಅದು ಅರ್ಧ ಅಪರಿಚಿತ. ಪ್ರಪಂಚದ ನಾನಾ ಕಡೆಯ ಪ್ರಯೋಗಾಲಯಗಳು, ನಮ್ಮಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ, ಈ ಬದಲಾವಣೆಯನ್ನು ವರ್ಷವಿಡೀ ಗಮನಿಸುತ್ತವೆ. ಅವುಗಳ ಮಾಹಿತಿಯ ಮೇಲೆ ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಬಾರಿ ಲಸಿಕೆಯಲ್ಲಿ ಯಾವ ತಳಿಗಳಿರಬೇಕೆಂದು ಸೂಚಿಸುತ್ತದೆ: ಉತ್ತರಾರ್ಧಗೋಳದ ಚಳಿಗಾಲಕ್ಕಾಗಿ ಫೆಬ್ರವರಿಯಲ್ಲಿ, ದಕ್ಷಿಣಾರ್ಧಗೋಳದ ಚಳಿಗಾಲಕ್ಕಾಗಿ ಸೆಪ್ಟೆಂಬರ್‌ನಲ್ಲಿ. ಭೂಪಟದಲ್ಲಿ ನಾವು ಉತ್ತರಾರ್ಧದಲ್ಲಿದ್ದರೂ ಫ್ಲೂ ನಮ್ಮಲ್ಲಿ ಯುರೋಪಿನ ಹಾಗೆ ಚಳಿಗಾಲಕ್ಕೆ ಮಾತ್ರ ಬರುವುದಿಲ್ಲ. ಭಾರತದಲ್ಲಿ ಅದು ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಇನ್ನೊಮ್ಮೆ ಏರುತ್ತದೆ. ನಮ್ಮ ಕಡೆ ಮಳೆಗಾಲದ ಏರಿಕೆಯೇ ಹೆಚ್ಚು ಕಾಡುವುದನ್ನು ನಾನು ಕಂಡಿದ್ದೇನೆ, ಆದರೆ ಬೇಸಗೆಯ ಬಾಗಿಲಲ್ಲೂ ನಿಶ್ಚಿಂತೆಯಿಲ್ಲ. 2023ರ ಮಾರ್ಚ್‌ನಲ್ಲಿ ಎಚ್3ಎನ್2ನಿಂದ ರಾಜ್ಯದ ಮೊದಲ ಸಾವು ಹಾಸನ ಜಿಲ್ಲೆಯಲ್ಲಿ ವರದಿಯಾದಾಗ ಆದ ಗಾಬರಿ ಅನೇಕರಿಗೆ ನೆನಪಿರಬಹುದು.

ಈಗ ನಿಮ್ಮ ಅತ್ತೆಯವರ ಲೆಕ್ಕ ಹಾಕೋಣ. ಡಿಸೆಂಬರ್‌ನಲ್ಲಿ ಅವರಿಗೆ ಸಿಕ್ಕಿದ್ದು ಬಹುಶಃ ಉತ್ತರಾರ್ಧಗೋಳದ ಲಸಿಕೆ; ಅದರ ತಳಿಗಳು ನಿರ್ಧಾರವಾದದ್ದು ಆ ವರ್ಷದ ಫೆಬ್ರವರಿಯಲ್ಲಿ. ಅವರು ಕಾಯಿಲೆ ಬಿದ್ದ ಆಗಸ್ಟ್‌ನ ಹೊತ್ತಿಗೆ ಆ ಆಯ್ಕೆಗೆ ಒಂದೂವರೆ ವರ್ಷ ತುಂಬಿತ್ತು, ಲಸಿಕೆಗೆ ಎಂಟು ತಿಂಗಳಾಗಿತ್ತು. ಲಸಿಕೆಯಿಂದ ಹುಟ್ಟಿದ ಪ್ರತಿಕಾಯಗಳು ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಹೋಗುತ್ತವೆ. ಅರವತ್ತೈದು ದಾಟಿದವರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ, ಅವು ಮೊದಲೇ ಅಷ್ಟು ಎತ್ತರಕ್ಕೆ ಏರಿರುವುದಿಲ್ಲ. ಹಳೆಯ ಬೀಗ, ಸವೆದ ಕೀಲಿ, ಎರಡೂ ಒಟ್ಟಿಗೆ ಸೇರಿದವು. ಇದೇ ಕಾರಣಕ್ಕೆ ನಾನು ನನ್ನ ರೋಗಿಗಳಿಗೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದೊಳಗೆ, ಅಂದರೆ ಮುಂಗಾರು ಹಿಡಿಯುವ ಮುಂಚೆ, ಆಗಷ್ಟೇ ಬಂದಿರುವ ದಕ್ಷಿಣಾರ್ಧಗೋಳದ ಲಸಿಕೆ ಹಾಕಿಸಿಕೊಳ್ಳಿ ಎನ್ನುತ್ತೇನೆ. ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಬೇಕು. ಮನೆಯಲ್ಲಿ ಒಬ್ಬರು ಕೆಮ್ಮತೊಡಗಿದ ಮೇಲೆ ಆಸ್ಪತ್ರೆಗೆ ಓಡಿದರೆ ಆ ಎರಡು ವಾರ ಸಿಗುವುದಿಲ್ಲ.

ಹಾಕಿಸುವಾಗ ಸಿರಿಂಜು ಬಂದ ಪೆಟ್ಟಿಗೆಯನ್ನು ಕೇಳಿ ನೋಡಿ. ಅದರ ಮೇಲೆ ‘ಸದರ್ನ್ ಹೆಮಿಸ್ಫಿಯರ್’ (ದಕ್ಷಿಣಾರ್ಧಗೋಳ) ಎಂದೋ ‘ನಾರ್ದರ್ನ್ ಹೆಮಿಸ್ಫಿಯರ್’ (ಉತ್ತರಾರ್ಧಗೋಳ) ಎಂದೋ ಇಸವಿಯ ಜೊತೆ ಇಂಗ್ಲಿಷಿನಲ್ಲಿ ಅಚ್ಚಾಗಿರುತ್ತದೆ, ಅವಧಿ ಮುಗಿಯುವ ದಿನಾಂಕವೂ ಇರುತ್ತದೆ. ಹಿಂದಿನ ಋತುವಿನ ಉಳಿಕೆ ಮಾಲು ಅಗ್ಗಕ್ಕೆ ಸಿಕ್ಕರೂ ಬೇಡ. ಇನ್ನೊಂದು ಎಚ್ಚರಿಕೆ, ಲಸಿಕೆಯನ್ನು ಮೆಡಿಕಲ್ ಶಾಪಿನಿಂದ ಕೊಂಡು, ಸ್ಕೂಟರಿನ ಡಿಕ್ಕಿಯಲ್ಲಿಟ್ಟು, ಮನೆಗೆ ತಂದು ನರ್ಸ್ ಬರುವವರೆಗೆ ಫ್ರಿಜ್ಜಿನಲ್ಲಿಡುವ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕಾದ ಮದ್ದು. ಬಿಸಿಯಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಒಮ್ಮೆ ಒಬ್ಬರು ತಂದ ಸಿರಿಂಜನ್ನು ಕೈಗೆತ್ತಿಕೊಂಡಾಗ ಒಳಗೆ ಸೂಜಿಮೊನೆಯಷ್ಟು ಐಸ್ ಹರಳುಗಳು ಹೊಳೆಯುತ್ತಿದ್ದವು. ಅದನ್ನು ಹಾಗೇ ಎಸೆಯಬೇಕಾಯಿತು, ಅವರ ದುಡ್ಡೂ ಹೋಯಿತು. ಲಸಿಕೆ ಇಟ್ಟಿರುವ ಆಸ್ಪತ್ರೆಗೇ ಹೋಗಿ ಅಲ್ಲೇ ಹಾಕಿಸಿಕೊಳ್ಳುವುದು ಒಳ್ಳೆಯದು.

ಮಾರನೆಯ ದಿನದ ತೋಳುನೋವು ಮತ್ತು ಸಣ್ಣ ಜ್ವರದ ಬಗ್ಗೆ: ಇಂಜೆಕ್ಷನ್ ರೂಪದ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ವೈರಸ್ಸನ್ನು ಸಾಯಿಸಿ, ಒಡೆದು, ಮುಖ್ಯವಾಗಿ ಅದರ ಮೈಮೇಲಿನ ಪ್ರೋಟೀನನ್ನು ಉಳಿಸಿಕೊಂಡಿರುತ್ತಾರೆ. ಅದರಿಂದ ಫ್ಲೂ ಬರಲು ಸಾಧ್ಯವೇ ಇಲ್ಲ. ಒಂದೆರಡು ದಿನದ ಮೈಕೈ ನೋವು ದೇಹ ಆ ಪ್ರೋಟೀನನ್ನು ಎದುರಿಸುತ್ತಿರುವುದರ ಗುರುತು. ಸಂಕ್ರಾಂತಿಯ ನೆಗಡಿಯನ್ನಂತೂ ಲಸಿಕೆಯ ಲೆಕ್ಕಕ್ಕೆ ಹಾಕಬೇಡಿ. ನೆಗಡಿ ತರುವ ವೈರಸ್ಸುಗಳು ನೂರಾರಿವೆ, ಫ್ಲೂ ಲಸಿಕೆ ಅವುಗಳಲ್ಲಿ ಯಾವುದನ್ನೂ ತಡೆಯುವುದಿಲ್ಲ. ನೆಗಡಿ ಮೂಗಿನಿಂದ ಶುರುವಾಗಿ ನಿಧಾನವಾಗಿ ಬರುತ್ತದೆ. ಫ್ಲೂ ಹಾಗಲ್ಲ, ಬೆಳಿಗ್ಗೆ ತೋಟಕ್ಕೆ ಹೋದವರು ಮಧ್ಯಾಹ್ನದ ಊಟಕ್ಕೆ ಕೂರಲಾರದಷ್ಟು ಚಳಿ, ಸೊಂಟನೋವು, ಕಣ್ಣುಗುಡ್ಡೆಯ ಹಿಂದೆ ನೋವು ಎಂದು ಮಲಗಿಬಿಡುತ್ತಾರೆ.

ಹಾಗಾದರೆ ಲಸಿಕೆ ಎಷ್ಟು ಕೆಲಸ ಮಾಡುತ್ತದೆ? ಉತ್ಪ್ರೇಕ್ಷೆ ಮಾಡಿದರೆ ಮುಂದಿನ ವರ್ಷ ನೀವು ನನ್ನನ್ನು ನಂಬುವುದಿಲ್ಲ, ಆದ್ದರಿಂದ ಇದ್ದದ್ದನ್ನು ಹೇಳುತ್ತೇನೆ. ಲಸಿಕೆಯ ತಳಿ ಮತ್ತು ಊರಿನಲ್ಲಿ ಓಡಾಡುತ್ತಿರುವ ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಅದು ವೈದ್ಯರ ಬಳಿ ಹೋಗಬೇಕಾಗುವಂಥ ಫ್ಲೂವನ್ನು ಶೇ 40ರಿಂದ 60ರಷ್ಟು ತಗ್ಗಿಸುತ್ತದೆ. ವಯಸ್ಸಾದವರಲ್ಲಿ, ಎಚ್3ಎನ್2 ಹೆಚ್ಚಿರುವ ವರ್ಷಗಳಲ್ಲಿ, ಇದಕ್ಕಿಂತ ಕಡಿಮೆ. ಪೋಲಿಯೊ, ದಡಾರದ ಲಸಿಕೆಗಳ ಮುಂದೆ ಇದು ಸಣ್ಣ ಸಂಖ್ಯೆ, ನಿಜ. ಆದರೆ ಲಸಿಕೆ ಹಾಕಿಸಿಕೊಂಡೂ ಜ್ವರ ಬಂದವರಲ್ಲಿ ಅದು ನ್ಯುಮೋನಿಯಾಕ್ಕೆ ತಿರುಗಿ ಐಸಿಯು ಸೇರುವ ಸಂಭವ ಇಳಿಯುತ್ತದೆ, ನಾನು ನಿಮ್ಮ ಅತ್ತೆಯವರಿಗೆ ಲಸಿಕೆ ಬೇಕೆನ್ನುವುದು ಅದಕ್ಕಾಗಿಯೇ. ಫ್ಲೂ ಶ್ವಾಸಕೋಶದಲ್ಲೇ ನಿಲ್ಲುವ ಕಾಯಿಲೆಯಲ್ಲ. ಪರೀಕ್ಷೆಯಲ್ಲಿ ಫ್ಲೂ ಖಚಿತವಾದವರಿಗೆ ಮೊದಲ ಒಂದು ವಾರದಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುವುದನ್ನು ಕೆನಡಾದ ಸಂಶೋಧಕರು 2018ರಲ್ಲಿ ತೋರಿಸಿದರು. ಉರಿಯೂತದಿಂದ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ, ಮೊದಲೇ ಕಿರಿದಾದ ರಕ್ತನಾಳಕ್ಕೆ ಅದು ಸಾಕು. ಜ್ವರದಲ್ಲಿ ಸಕ್ಕರೆಯೂ ಹತೋಟಿ ತಪ್ಪುತ್ತದೆ. ಸ್ಟೆಂಟ್ ಮತ್ತು ಸಕ್ಕರೆ ಎರಡೂ ಇರುವವರಿಗೆ ಫ್ಲೂ ಎಂದರೆ ಈ ಮೂರು ಕಡೆಯ ಹೊಡೆತ. ಸ್ಟೆಂಟಿಗಾಗಿ ಅವರು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಲಸಿಕೆಗಾಗಿ ಅದನ್ನು ನಿಲ್ಲಿಸಬೇಕಿಲ್ಲ. ಇಂಜೆಕ್ಷನ್ ಕೊಡುವವರಿಗೆ ಮೊದಲೇ ತಿಳಿಸಿ, ಆಮೇಲೆ ಹತ್ತಿಯನ್ನು ಉಜ್ಜದೆ ಎರಡು-ಮೂರು ನಿಮಿಷ ಒತ್ತಿ ಹಿಡಿಯಿರಿ. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾದ ವಿರುದ್ಧದ ನ್ಯುಮೋಕಾಕಲ್ ಲಸಿಕೆ ಇನ್ನೂ ಆಗಿಲ್ಲವಾದರೆ ಅದನ್ನೂ ವೈದ್ಯರಲ್ಲಿ ಕೇಳಿ. ಎರಡನ್ನೂ ಒಂದೇ ದಿನ, ಒಂದೊಂದು ತೋಳಿಗೆ ಕೊಡಬಹುದು.

ಇನ್ನು ಮೊಟ್ಟೆಯ ವಿಷಯ. ಇದನ್ನು ಮುಚ್ಚಿಟ್ಟು ಲಸಿಕೆ ಹಾಕಿಸುವುದಕ್ಕೆ ನಾನು ವಿರುದ್ಧ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಫ್ಲೂ ಲಸಿಕೆಯ ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಬೆಳೆಸುತ್ತಾರೆ. ಆಮೇಲೆ ಅದನ್ನು ಬೇರ್ಪಡಿಸಿ ಶುದ್ಧಗೊಳಿಸುತ್ತಾರೆ, ಕೊನೆಗೆ ಉಳಿಯುವ ಮೊಟ್ಟೆಯ ಪ್ರೋಟೀನು ಮೈಕ್ರೋಗ್ರಾಂ ಲೆಕ್ಕದ್ದು. ಆದರೂ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಮೊಟ್ಟೆ ತಿಂದರೆ ಮೈಯೆಲ್ಲ ದದ್ದು ಏಳುವ ಅಲರ್ಜಿ ಇರುವವರಿಗೂ ಈಗ ಈ ಲಸಿಕೆ ಸುರಕ್ಷಿತವೆಂದು ಕಂಡುಬಂದಿರುವುದರಿಂದ ಆರೋಗ್ಯದ ದೃಷ್ಟಿಯಿಂದ ಅಡ್ಡಿಯಿಲ್ಲ. ಆಚಾರದ ಪ್ರಶ್ನೆ ಬೇರೆ, ಅದನ್ನು ತೀರ್ಮಾನಿಸುವ ಹಕ್ಕು ಅತ್ತೆಯವರದೇ. ನನ್ನ ಬಳಿ ಬರುವ ಹಿರಿಯರಲ್ಲಿ ಹಲವರು ಇದನ್ನು ಔಷಧವೆಂದು ಭಾವಿಸಿ ಒಪ್ಪಿದ್ದಾರೆ, ಕೆಲವರು ಬೇಡವೆಂದಿದ್ದಾರೆ. ಬೇಡವೆಂದವರನ್ನು ನಾನು ಒತ್ತಾಯಿಸಿಲ್ಲ. ಅವರ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿಸಲು ಹೇಳಿದ್ದೇನೆ. ಮನೆಯವರೆಲ್ಲ ಸೇರಿ ಹೇಳಿದರೆ ಅದು ಒತ್ತಡವೆನಿಸುತ್ತದೆ. ಹೋದ ಆಗಸ್ಟ್‌ನಲ್ಲಿ ನೋಡಿದ ವೈದ್ಯರ ಮುಂದೆ ಅವರೇ ಕುಳಿತು ಕೇಳಲಿ.

ನಿಮಗೇ ಈಗ ಐದು ತಿಂಗಳು ಎಂದಿದ್ದೀರಿ, ಅಂದರೆ ಹೆರಿಗೆ ಆಗಸ್ಟ್ ಆಸುಪಾಸು, ಫ್ಲೂ ಏರಿರುವ ಕಾಲಕ್ಕೇ. ನೀವು ಅತ್ತೆಯವರ ಬಗ್ಗೆ ಇಷ್ಟು ಬರೆದು ನಿಮ್ಮ ಬಗ್ಗೆ ಒಂದೇ ಸಾಲು ಬರೆದಿರುವುದನ್ನು ನೋಡಿ ನನಗೆ ಹೆಚ್ಚು ಕಾಳಜಿಯಾದದ್ದು ಇಲ್ಲೇ. ಬಸುರಿಯರಲ್ಲಿ ಫ್ಲೂ ತೀವ್ರವಾಗುವ ಸಂಭವ ಉಳಿದ ಹೆಂಗಸರಿಗಿಂತ ಹೆಚ್ಚು. 2009ರ ಎಚ್1ಎನ್1 ಹಾವಳಿಯಲ್ಲಿ ಇದು ಎದ್ದು ಕಂಡಿತು. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆಯನ್ನೇ ಕೊಡುವಂತಿಲ್ಲ, ಅದಕ್ಕೆ ಸಿಗುವ ರಕ್ಷಣೆ ತಾಯಿಯ ಪ್ರತಿಕಾಯಗಳಿಂದ ಮಾತ್ರ. ನೀವು ಈಗ ಲಸಿಕೆ ಹಾಕಿಸಿಕೊಂಡರೆ ನಿಮ್ಮಲ್ಲಿ ಹುಟ್ಟುವ ಪ್ರತಿಕಾಯಗಳು ಹೊಕ್ಕುಳಬಳ್ಳಿಯ ಮೂಲಕ ಕೂಸಿಗೂ ಸೇರಿ, ಬಾಣಂತನದ ಆ ಮಳೆಗಾಲದಲ್ಲಿ ಅದನ್ನು ಕಾಯುತ್ತವೆ. ಇಂಜೆಕ್ಷನ್ ರೂಪದ ಲಸಿಕೆಯನ್ನು ಬಸುರಿನ ಯಾವ ತಿಂಗಳಲ್ಲಾದರೂ ಕೊಡಬಹುದು. ಮೂಗಿಗೆ ಸಿಂಪಡಿಸುವ ಜೀವಂತ ಲಸಿಕೆ ಮಾತ್ರ ಬಸುರಿಯರಿಗೆ ಬೇಡ. ಮುಂದಿನ ತಪಾಸಣೆಯಲ್ಲೇ ನಿಮ್ಮ ಹೆರಿಗೆ ವೈದ್ಯರನ್ನು ಕೇಳಿ.

ಅಕ್ಕನವರ ಮಾತಿನಲ್ಲಿರುವ ಗೊಂದಲ ಬಹಳ ಮನೆಗಳಲ್ಲಿದೆ, ಅದಕ್ಕೊಂದು ಚರಿತ್ರೆಯೂ ಇದೆ. ಮಗುವಿನ ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಕೊಡುವ ಪೆಂಟಾವೇಲೆಂಟ್, ಅಂದರೆ ಐದು ರೋಗಗಳ ಆ ಲಸಿಕೆಯಲ್ಲಿರುವುದು ಹಿಮೋಫಿಲಸ್ ಇನ್‌ಫ್ಲುಯೆಂಜಾ ಬಿ ಎಂಬ ಬ್ಯಾಕ್ಟೀರಿಯಾಕ್ಕೆ ಎದುರಾದ ಅಂಶ. 1892ರಲ್ಲಿ ಜರ್ಮನಿಯ ರಿಚರ್ಡ್ ಫೈಫರ್ ಈ ಬ್ಯಾಕ್ಟೀರಿಯಾವೇ ಫ್ಲೂಗೆ ಕಾರಣವೆಂದು ಭಾವಿಸಿದರು. ಮನುಷ್ಯರ ಫ್ಲೂ ವೈರಸ್ ಪತ್ತೆಯಾದದ್ದು 1933ರಲ್ಲಿ. ಅಷ್ಟರಲ್ಲಿ ಹೆಸರು ಅಂಟಿಕೊಂಡಾಗಿತ್ತು. ಮಿದುಳಿನ ಪೊರೆಯ ಸೋಂಕಿನಿಂದ, ನ್ಯುಮೋನಿಯಾದಿಂದ ಮಗುವನ್ನು ಕಾಯುವ ಅಮೂಲ್ಯ ಲಸಿಕೆ ಅದು, ಆದರೆ ಫ್ಲೂಗೂ ಅದಕ್ಕೂ ಸಂಬಂಧವಿಲ್ಲ. ಫ್ಲೂ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಭಾರತೀಯ ಮಕ್ಕಳ ವೈದ್ಯರ ಸಂಘ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ಪ್ರತಿವರ್ಷ ಕೊಡಿಸುವಂತೆ ಸಲಹೆ ಮಾಡುತ್ತದೆ. ನಿಮ್ಮ ಮಗನಿಗೆ ಇದು ಮೊದಲ ಬಾರಿಯಾದ್ದರಿಂದ ನಾಲ್ಕು ವಾರಗಳ ಅಂತರದಲ್ಲಿ ಎರಡು ಡೋಸ್ ಬೇಕು, ಹಾಗಾಗಿ ಎಲ್ಲರಿಗೂ ಹಾಕಿಸಲು ಹಣ ಹೊಂದುವುದಾದರೆ ಅವನದನ್ನು ಎಲ್ಲರಿಗಿಂತ ಮೊದಲು ಶುರುಮಾಡಬೇಕು.

ಒಂದೊಂದು ಡೋಸಿಗೂ ಸಾವಿರಕ್ಕೆ ಮೇಲ್ಪಟ್ಟು ಬೀಳುವ ಈ ಲಸಿಕೆಯನ್ನು ಇಡೀ ಮನೆಗೆ ಹಾಕಿಸುವುದು ಸಣ್ಣ ಖರ್ಚಲ್ಲ. ಒಟ್ಟಿಗೆ ಆಗದಿದ್ದರೆ ನನ್ನ ಸರದಿ ಹೀಗೆ: ಮೊದಲು ನೀವು ಮತ್ತು ಅತ್ತೆಯವರು, ನಂತರ ಮಗ, ಕೊನೆಗೆ ನಿಮ್ಮ ಯಜಮಾನರು. ಅತ್ತೆಯವರು ಒಲ್ಲೆನೆಂದರೆ ಯಜಮಾನರ ಸರದಿ ಮುಂದೆ ಬರುತ್ತದೆ, ಏಕೆಂದರೆ ಪೇಟೆಯಿಂದ ಮನೆಗೆ ವೈರಸ್ ತರುವವರು ಸಾಮಾನ್ಯವಾಗಿ ಓಡಾಡುವವರೇ. ಹಿಂದೆ ಫ್ಲೂ ಲಸಿಕೆಯಿಂದ ಉಸಿರುಗಟ್ಟುವಂಥ ತೀವ್ರ ಅಲರ್ಜಿ ಆದವರು ಹಾಕಿಸಿಕೊಳ್ಳಬಾರದು. ಲಸಿಕೆಯಾಗಿ ಆರು ವಾರದೊಳಗೆ ಗಿಲ್ಲಾನ್-ಬಾರೆ ಎಂಬ ನರದೌರ್ಬಲ್ಯ ಕಂಡಿದ್ದವರು ತಜ್ಞರನ್ನು ಕೇಳದೆ ಮುಂದುವರಿಯಬಾರದು. ಆ ಅಪಾಯ ಹತ್ತು ಲಕ್ಷ ಡೋಸಿಗೆ ಒಂದೆರಡು. ಆ ದಿನ ಜೋರು ಜ್ವರವಿದ್ದರೆ ವಾಸಿಯಾದ ಮೇಲೆ ಹೋಗಿ. ಹಾಕಿಸಿಕೊಂಡ ಮೇಲೆ ಕಾಲು ಗಂಟೆ ಅಲ್ಲೇ ಕುಳಿತಿರಿ.

ಕಷಾಯ ಕುಡಿಯಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಶುಂಠಿ, ಕಾಳುಮೆಣಸು ಹಾಕಿದ ಬಿಸಿನೀರು ಗಂಟಲಿಗೆ ಹಿತ, ಜ್ವರದಲ್ಲಿ ಒಳಗೆ ನೀರು ಹೋಗುವುದೂ ಮುಖ್ಯ. ಆದರೆ ಅದು ವೈರಸ್ಸನ್ನು ತಡೆಯುವುದಿಲ್ಲ, ಮತ್ತು ದಿನಕ್ಕೆ ಮೂರು ಲೋಟ ಬೆಲ್ಲದ ಕಷಾಯ ಕುಡಿದು ಸಕ್ಕರೆ ನಾನೂರು ದಾಟಿಸಿಕೊಂಡು ಬಂದ ಹಿರಿಯರನ್ನು ಕಂಡಿದ್ದೇನೆ. ಅತ್ತೆಯವರಿಗೆ ಬೆಲ್ಲವಿಲ್ಲದೆ ಮಾಡಿಕೊಡಿ. ಹಬೆ ಕಟ್ಟಿದ ಮೂಗನ್ನು ಸ್ವಲ್ಪ ಹೊತ್ತು ಬಿಡಿಸುತ್ತದೆ, ಅಷ್ಟೇ. ಕುದಿಯುವ ನೀರಿನ ಪಾತ್ರೆಯನ್ನು ನಾಲ್ಕು ವರ್ಷದ ಮಗುವಿನ ಮುಂದೆ ಇಡಲೇಬೇಡಿ. ಜ್ವರಕ್ಕಿಂತ ದೊಡ್ಡ ಸುಟ್ಟಗಾಯದೊಂದಿಗೆ ಬಂದ ಮಕ್ಕಳಿಗೆ ನಾನು ಡ್ರೆಸಿಂಗ್ ಮಾಡಿದ್ದೇನೆ.

ನಿಜಕ್ಕೂ ಫಲ ಕೊಡುವ ಅಭ್ಯಾಸಗಳು ಬೇರೆ. ನಮ್ಮ ಮನೆಗಳಲ್ಲಿ ನಾನು ಪದೇಪದೇ ನೋಡುವ ದೃಶ್ಯವೊಂದಿದೆ: ಅಜ್ಜಿ ಸೆರಗಿಗೆ ಕೆಮ್ಮುತ್ತಾರೆ, ಅದೇ ಸೆರಗಿನಿಂದ ಮೊಮ್ಮಗನ ಮೂಗು ಒರೆಸುತ್ತಾರೆ, ಅದೇ ಕೈಯಲ್ಲಿ ತುತ್ತು ಕಲಸಿ ಕೊಡುತ್ತಾರೆ. ಪ್ರೀತಿಯಿಂದ ಮಾಡುವ ಈ ಕೆಲಸದಲ್ಲೇ ವೈರಸ್ ಎರಡೂ ದಿಕ್ಕಿಗೆ ದಾಟುತ್ತದೆ. ಹಳೆಯ ಹತ್ತಿಸೀರೆಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಒಂದು ಬುಟ್ಟಿಯಲ್ಲಿಡಿ. ಒಮ್ಮೆ ಬಳಸಿದ್ದನ್ನು ಮುಚ್ಚಳವಿರುವ ಬಕೆಟ್ಟಿಗೆ ಹಾಕಿ ಸಂಜೆ ಸೋಪಿನ ನೀರಿನಲ್ಲಿ ಒಗೆಯಿರಿ. ಫ್ಲೂ ವೈರಸ್ಸಿನ ಹೊರಪೊರೆ ಕೊಬ್ಬಿನಿಂದಾದದ್ದು, ಸೋಪು ಅದನ್ನು ಕರಗಿಸುತ್ತದೆ. ಹಾಗಾಗಿ ಸಾಮಾನ್ಯ ಸೋಪಿನಲ್ಲಿ ಇಪ್ಪತ್ತು ಸೆಕೆಂಡ್ ಕೈ ತೊಳೆದರೆ ಸಾಕು, ದುಬಾರಿ ದ್ರಾವಣ ಬೇಕಿಲ್ಲ. ಅಂಗನವಾಡಿಯಿಂದ ಬಂದ ಕೂಡಲೇ ಅಂಗಳದಲ್ಲೇ ಮಗನ ಕೈಕಾಲು, ಮುಖ ತೊಳೆಸಿ ಒಳಗೆ ಕರೆಯಿರಿ. ಜ್ವರ ಬಂದವರು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಸೋಂಕು ಹರಡುತ್ತಾರೆ, ಆಮೇಲೆ ಐದರಿಂದ ಏಳು ದಿನ; ಚಿಕ್ಕ ಮಕ್ಕಳು ಇನ್ನೂ ಹೆಚ್ಚು ದಿನ. ಮಗನಿಗೆ ಜ್ವರ ಬಂದ ವಾರ ಅವನು ಅಜ್ಜಿಯ ಹಾಸಿಗೆಯಲ್ಲಿ ಮಲಗುವುದು ಬೇಡ. ಅವನನ್ನು ಅಂಗನವಾಡಿಗೂ ಕಳಿಸಬೇಡಿ.

ಮಳೆಗಾಲದಲ್ಲಿ ಇರಚಲು ಬರುತ್ತದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಒಂದೇ ಕೋಣೆಯಲ್ಲಿ ಎಲ್ಲರೂ ಕೂರುವುದರಿಂದ ಒಬ್ಬರ ಉಸಿರು ಎಲ್ಲರದೂ ಆಗುತ್ತದೆ. ಮಳೆ ಹೊಡೆಯದ ಕಡೆಯ ಎರಡು ಕಿಟಕಿಗಳನ್ನು ಎದುರುಬದುರು ಒಂದಿಷ್ಟು ತೆರೆದಿಡಿ. ಮಾಸ್ಕ್ ಹೆಚ್ಚು ಉಪಯೋಗಕ್ಕೆ ಬರುವುದು ಕೆಮ್ಮುವವರ ಮುಖದ ಮೇಲೆ ಮತ್ತು ಅವರ ಆರೈಕೆ ಮಾಡುವಾಗ. ಹೆರಿಗೆಯಾದ ಮೇಲೆ ಕೂಸು ನೋಡಲು ಬರುವ ನೆಂಟರಲ್ಲಿ ನೆಗಡಿ, ಕೆಮ್ಮು ಇದ್ದವರನ್ನು ಜಗಲಿಯಿಂದಲೇ ಮಾತನಾಡಿಸಿ ಕಳಿಸಿ; ಹೇಳಲು ಸಂಕೋಚವಾದರೆ ವೈದ್ಯರು ಹೇಳಿದ್ದಾರೆ ಎಂದು ನನ್ನ ಹೆಸರು ಮುಂದೆ ಮಾಡಿ.

ಇಷ್ಟೆಲ್ಲ ಆದ ಮೇಲೂ ಜ್ವರ ಬಂದರೆ, ನಿಮಗಾಗಲಿ ಅತ್ತೆಯವರಿಗಾಗಲಿ ಮೂರು ದಿನ ಕಾದು ನೋಡುವ ಲೆಕ್ಕ ಬೇಡ. ಫ್ಲೂಗೆ ಕೊಡುವ ಓಸೆಲ್ಟಾಮಿವಿರ್ ಮಾತ್ರೆ ಲಕ್ಷಣ ಶುರುವಾದ 48 ಗಂಟೆಯೊಳಗೆ ಆರಂಭಿಸಿದರೆ ಹೆಚ್ಚು ಫಲಕಾರಿ. ವಯಸ್ಸಾದವರು, ಬಸುರಿಯರು, ಸಕ್ಕರೆ-ಹೃದಯದ ರೋಗಿಗಳಿಗೆ ಪರೀಕ್ಷೆಯ ವರದಿಗೆ ಕಾಯದೆ ಅದನ್ನು ಶುರುಮಾಡುವುದುಂಟು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಆ್ಯಂಟಿಬಯಾಟಿಕ್ ವೈರಸ್ಸಿಗೆ ತಾಗುವುದೇ ಇಲ್ಲ. ಮಳೆಗಾಲದ ಜ್ವರ ಡೆಂಗಿಯೂ ಆಗಿರಬಹುದಾದ್ದರಿಂದ ವೈದ್ಯರು ನೋಡುವವರೆಗೆ ಪ್ಯಾರಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ಬೇಡ. ಮಗನಿಗಂತೂ ಆಸ್ಪಿರಿನ್ ಕೊಡಲೇಬಾರದು. ಅತ್ತೆಯವರು ಹೃದಯಕ್ಕಾಗಿ ದಿನವೂ ತೆಗೆದುಕೊಳ್ಳುವ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ, ಊಟ ಸೇರದಿದ್ದರೆ ಸಕ್ಕರೆಯ ಮಾತ್ರೆ ಅಥವಾ ಇನ್ಸುಲಿನ್ ಎಷ್ಟು ಎಂದು ಫೋನಿನಲ್ಲಾದರೂ ಕೇಳಿಕೊಳ್ಳಿ.

ಏದುಸಿರು, ಎದೆನೋವು, ತುಟಿ ನೀಲಿಯಾಗುವುದು, ಮಾತಿನಲ್ಲಿ ಗೊಂದಲ, ಎಬ್ಬಿಸಿದರೂ ಏಳದ ಮಂಪರು, ಇಳಿದ ಜ್ವರ ಎರಡು ದಿನ ಬಿಟ್ಟು ಇನ್ನೂ ಜೋರಾದ ಕೆಮ್ಮಿನೊಂದಿಗೆ ಮರಳುವುದು, ನಿಮ್ಮ ವಿಷಯದಲ್ಲಿ ಕೂಸಿನ ಚಲನೆ ಕಡಿಮೆಯೆನಿಸುವುದು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆಂದು, ಮಳೆಯೆಂದು ಬೆಳಗಿಗೆ ಮುಂದೂಡಬೇಡಿ. ಹೊರಡುವಾಗ ಕಳೆದ ಆಗಸ್ಟ್‌ನ ಡಿಸ್ಚಾರ್ಜ್ ಚೀಟಿ ಕೈಯಲ್ಲಿರಲಿ. ಈ ಸಲ ಲಸಿಕೆ ಹಾಕಿಸಿದ ದಿನವೇ ಅದರ ಹಿಂಬದಿಯಲ್ಲಿ ತಾರೀಖನ್ನೂ ಪೆಟ್ಟಿಗೆಯ ಮೇಲಿನ ಬ್ಯಾಚ್ ನಂಬರನ್ನೂ ಬರೆದಿಡಿ. ಮಧ್ಯರಾತ್ರಿ ಡ್ಯೂಟಿಯಲ್ಲಿರುವ ವೈದ್ಯರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.